“ಅಣ್ಣಾ, ಫೈಟ್ ಯಾವಾಗ ಬರುತ್ತೆ?”



ಕಳೆದ ತಿಂಗಳು ಯುವಕೂಟ ಮುಗಿದ ಮೇಲೆ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿ ಹಳೆಯ ಇಂಗ್ಲಿಷ್ ಧಾರಾವಾಹಿಯ ಒಂದು ಎಪಿಸೋಡ್ ನೋಡಿದೆವು. ಹೆಸರು ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’. ಬಾಹ್ಯಾಕಾಶ ನೌಕೆ ಅಂದ ಕೂಡಲೇ ಚಿಕ್ಕ ಹುಡುಗರೆಲ್ಲ ಮುಂದಿನ ಸಾಲಿಗೆ ಬಂದು ಕೂತರು. ಹತ್ತು ನಿಮಿಷ ಆಯಿತು, ಹದಿನೈದು ನಿಮಿಷ ಆಯಿತು. ಗುಂಡಿನ ಸದ್ದಿಲ್ಲ, ಸ್ಫೋಟವಿಲ್ಲ. ಪರದೆಯ ಮೇಲೆ ಒಬ್ಬ ಮನುಷ್ಯ ಹಳ್ಳಿಯ ಮನೆಯಲ್ಲಿ ಕೂತು ಕೊಳಲು ಕಲಿಯುತ್ತಿದ್ದಾನೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಹಿಂದೆ ತಿರುಗಿ ಕೇಳಿದ: “ಅಣ್ಣಾ, ಫೈಟ್ ಯಾವಾಗ ಬರುತ್ತೆ?”

“ಬರೋದಿಲ್ಲ” ಅಂದೆ. ಮುಖ ಸಪ್ಪಗಾಯಿತು. ಆದರೂ ಎದ್ದು ಹೋಗಲಿಲ್ಲ.

ಅವನ ಪ್ರಶ್ನೆ ಹೊಸದೇನಲ್ಲ. ಈ ಧಾರಾವಾಹಿ ಶುರುವಾದ ದಿನದಿಂದಲೂ ಅದನ್ನು ಕೇಳಿದವರಿದ್ದಾರೆ. ಆದರೆ ಅಭಿಮಾನಿಗಳು ಇಷ್ಟು ವರ್ಷ ಕಳೆದರೂ ಮತ್ತೆ ಮತ್ತೆ ಹೆಸರಿಸುವ ಎಪಿಸೋಡ್‌ಗಳಲ್ಲಿ ಹಲವು ಫೈಟ್ ಇಲ್ಲದವು. ಒಬ್ಬ ಪಾತ್ರವನ್ನು ಹತ್ತಿರದಿಂದ ನೋಡುವ, ಅವನ ದುಃಖದ ಜೊತೆ ಸ್ವಲ್ಪ ಹೊತ್ತು ಕೂರುವ ಕಥೆಗಳು. ಇವು ಸುಲಭವಾಗಿ ಬಂದವಲ್ಲ. ಅವುಗಳ ಇತಿಹಾಸವನ್ನು ಇವತ್ತು ನಿಮಗೆ ಹೇಳಬೇಕು ಅನಿಸಿತು.

ಸ್ಪಾಕ್ ಅತ್ತದ್ದು

ಮೊದಲ ‘ಸ್ಟಾರ್ ಟ್ರೆಕ್’ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಆರಂಭವಾದದ್ದು 1966ರ ಸೆಪ್ಟೆಂಬರ್ 8ರಂದು. ಅದನ್ನು ಸೃಷ್ಟಿಸಿದವರು ಜೀನ್ ರಾಡನ್‌ಬೆರಿ. ಅದರಲ್ಲಿ ಸ್ಪಾಕ್ ಎಂಬ ಪಾತ್ರವಿದೆ. ತಾಯಿ ಮನುಷ್ಯಳು, ತಂದೆ ವಲ್ಕನ್ ಎಂಬ ಗ್ರಹದವನು. ಭಾವನೆಗಳನ್ನು ಅದುಮಿಟ್ಟು ಬುದ್ಧಿಯಿಂದಲೇ ನಡೆಯುವವರು ವಲ್ಕನ್ನರು. ಚೂಪು ಕಿವಿಯ ಈ ಪಾತ್ರ ಸೈತಾನನ ಹಾಗೆ ಕಾಣಬಹುದೆಂದು ಚಾನೆಲ್‌ನವರಿಗೆ ಎಷ್ಟು ಅಳುಕಿತ್ತೆಂದರೆ, ಒಂದು ಪ್ರಚಾರ ಪುಸ್ತಿಕೆಯ ಚಿತ್ರದಲ್ಲಿ ಅವನ ಕಿವಿಯನ್ನು ತಿದ್ದಿ ದುಂಡಗೆ ಮಾಡಿಯೇ ಅಚ್ಚು ಹಾಕಿಸಿದ್ದರು.

ಅದೇ ತಿಂಗಳು 29ರಂದು ‘ದಿ ನೇಕೆಡ್ ಟೈಮ್’ ಎಂಬ ಎಪಿಸೋಡ್ ಬಂತು. ನೌಕೆಯಲ್ಲಿ ಒಂದು ಸೋಂಕು ಹರಡಿ ಎಲ್ಲರೂ ಮನಸ್ಸಿನ ಹಿಡಿತ ಕಳೆದುಕೊಳ್ಳುತ್ತಾರೆ. ಬರೆದಿದ್ದ ಸ್ಕ್ರಿಪ್ಟ್‌ನಲ್ಲಿ ಸ್ಪಾಕ್‌ಗೆ ಇದ್ದದ್ದು ಒಂದು ತಮಾಷೆಯ ಸಂದರ್ಭ ಮಾತ್ರ. ಪಾತ್ರ ಮಾಡುತ್ತಿದ್ದ ಲೆನರ್ಡ್ ನಿಮೋಯ್ ಅದಕ್ಕೆ ಒಪ್ಪಲಿಲ್ಲ. ಸ್ಪಾಕ್ ಒಬ್ಬನೇ ಒಂದು ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಯಾರಿಗೂ ಕಾಣದ ಹಾಗೆ ಅಳಬೇಕು ಎಂದು ಕೇಳಿಕೊಂಡರು. ಶೂಟಿಂಗ್‌ಗೆ ಸಮಯ ಇರಲಿಲ್ಲ. ಒಂದೇ ಟೇಕ್‌ನಲ್ಲಿ ಮುಗಿಸಿದರು. ಅಂಕಿಗಳನ್ನು ಎಣಿಸಿ ಮನಸ್ಸನ್ನು ಹಿಡಿದಿಡಲು ಸ್ಪಾಕ್ ಹೆಣಗುತ್ತಾನೆ. ತಾಯಿಗೆ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಹೇಳಲಾಗಲಿಲ್ಲವಲ್ಲ ಎಂದು ಕೊರಗುತ್ತಾನೆ. ಆ ಎಪಿಸೋಡ್ ಪ್ರಸಾರವಾದ ಮೇಲೆ ತಮಗೆ ಬರುವ ಪತ್ರಗಳು ಒಮ್ಮೆಲೇ ಹೆಚ್ಚಿದವು ಎಂದು ನಿಮೋಯ್ ಮುಂದೆ ಬರೆದುಕೊಂಡಿದ್ದಾರೆ.

ಮರುವರ್ಷ ಸ್ಪಾಕ್ ತನ್ನ ಊರಿಗೆ ಹೋಗುವ ‘ಅಮೋಕ್ ಟೈಮ್’ ಬಂತು. ನಾಲ್ಕು ಬೆರಳನ್ನು ಎರಡೆರಡಾಗಿ ಬೇರ್ಪಡಿಸಿ ಕೈ ಎತ್ತುವ ಪ್ರಸಿದ್ಧ ವಂದನೆ ಮೊದಲು ಕಂಡದ್ದು ಅದರಲ್ಲೇ. ಅದು ಎಲ್ಲಿಂದ ಬಂತು ಗೊತ್ತೇ? ನಿಮೋಯ್ ಯೆಹೂದಿ ಮನೆತನದವರು. ಬಾಸ್ಟನ್ನಿನಲ್ಲಿ ಚಿಕ್ಕವರಿದ್ದಾಗ ಸಭಾಮಂದಿರದಲ್ಲಿ ಯಾಜಕ ವಂಶದವರು ಕೈಗಳನ್ನು ಹಾಗೆ ಹಿಡಿದು ಜನರನ್ನು ಆಶೀರ್ವದಿಸುವುದನ್ನು ನೋಡಿದ್ದರು. ಆರೋನನ ಮಕ್ಕಳು ಇಸ್ರಯೇಲರನ್ನು ಹರಸಿದ ಆಶೀರ್ವಾದವೇ ಅದು. ಪೂಜೆಯ ಕೊನೆಗೆ ನಾವೂ ಕೇಳುವ ಮಾತುಗಳು.

1967ರಲ್ಲೇ ಇಬ್ಬರು ಮಹಿಳಾ ಅಭಿಮಾನಿಗಳು ‘ಸ್ಪಾಕನೇಲಿಯಾ’ ಎಂಬ ಕಿರುಪತ್ರಿಕೆ ತಂದರು. ಸ್ಟಾರ್ ಟ್ರೆಕ್‌ಗೇ ಮೀಸಲಾದ ಮೊದಲ ಅಭಿಮಾನಿ ಪತ್ರಿಕೆ ಅದು. ಹೆಸರು ಗಮನಿಸಿ: ಇಟ್ಟದ್ದು ನೌಕೆಯ ಹೆಸರಲ್ಲ, ಸ್ಪಾಕ್‌ನ ಹೆಸರು. ಧಾರಾವಾಹಿ ನಿಂತುಹೋಗುತ್ತದೆ ಎಂಬ ಸುದ್ದಿ ಬಂದಾಗ, 1967ರ ಡಿಸೆಂಬರ್‌ನಿಂದ 1968ರ ಮಾರ್ಚ್‌ವರೆಗೆ ಎನ್‌ಬಿಸಿಗೆ ಸುಮಾರು 1,16,000 ಪತ್ರಗಳು ಹೋದವು. ಆ ಚಳವಳಿಯನ್ನು ಸಂಘಟಿಸಿದವರು ಬಿಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ದಂಪತಿ. ಧಾರಾವಾಹಿಗೆ ಇನ್ನೊಂದು ಸೀಸನ್ ಸಿಕ್ಕಿತು. 79 ಎಪಿಸೋಡ್ ಆದ ಮೇಲೆ 1969ರಲ್ಲಿ ನಿಂತಿತು.

ಅಭಿಮಾನಿಗೆ ಬಾಗಿಲು ತೆರೆದಾಗ

1987ರಲ್ಲಿ ಹೊಸ ಕ್ಯಾಪ್ಟನ್, ಹೊಸ ತಂಡದೊಂದಿಗೆ ‘ನೆಕ್ಸ್ಟ್ ಜನರೇಷನ್’ ಶುರುವಾಯಿತು. ಕ್ಯಾಪ್ಟನ್ ಪಿಕಾರ್ಡ್ ಆಗಿ ಬಂದವರು ಶೇಕ್ಸ್‌ಪಿಯರ್ ನಾಟಕಗಳ ನಟ ಪ್ಯಾಟ್ರಿಕ್ ಸ್ಟೂವರ್ಟ್. ಇಲ್ಲಿ ಒಂದು ತೊಡಕಿತ್ತು. 24ನೇ ಶತಮಾನದ ಮನುಷ್ಯರು ನಮ್ಮ ಸಣ್ಣತನ, ಜಗಳಗಳನ್ನೆಲ್ಲ ದಾಟಿ ಬೆಳೆದಿರುತ್ತಾರೆ ಎಂಬುದು ರಾಡನ್‌ಬೆರಿಯ ಗಟ್ಟಿ ನಂಬಿಕೆ. ಒಳ್ಳೆಯ ಕನಸೇ. ಆದರೆ ಜಗಳವಿಲ್ಲದ, ಅಳುವಿಲ್ಲದ ಜನರ ಬಗ್ಗೆ ಕಥೆ ಬರೆಯುವುದು ಹೇಗೆ?

ಮೊದಲ ಒಳ್ಳೆಯ ಉತ್ತರಗಳಲ್ಲಿ ಒಂದು ಹೊರಗಿನಿಂದ ಬಂತು. ಮೆಲಿಂಡಾ ಸ್ನಾಡ್‌ಗ್ರಾಸ್ ಎಂಬ ಲೇಖಕಿ ಹಿಂದೆ ವಕೀಲಿಕೆ ಮಾಡಿದ್ದವರು. ಅವರು ತಾವಾಗಿಯೇ ಬರೆದು ಕಳುಹಿಸಿದ ಸ್ಕ್ರಿಪ್ಟ್ ‘ದಿ ಮೆಷರ್ ಆಫ್ ಎ ಮ್ಯಾನ್’ 1989ರ ಫೆಬ್ರವರಿಯಲ್ಲಿ ಪ್ರಸಾರವಾಯಿತು. ಡೇಟಾ ಎಂಬ ಯಂತ್ರಮಾನವ ನೌಕೆಯ ಅಧಿಕಾರಿ. ಒಬ್ಬ ವಿಜ್ಞಾನಿ ಅವನನ್ನು ಬಿಚ್ಚಿ ಪರೀಕ್ಷಿಸಬೇಕು ಅನ್ನುತ್ತಾನೆ. ಡೇಟಾ ಒಪ್ಪುವುದಿಲ್ಲ. ಹಾಗಾದರೆ ಡೇಟಾ ಒಬ್ಬ ವ್ಯಕ್ತಿಯೋ, ಸರಕಾರದ ಸೊತ್ತೋ? ಇಡೀ ಎಪಿಸೋಡ್ ಈ ವಿಚಾರಣೆಯ ಸುತ್ತಲೇ. ಆತ್ಮ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ತನ್ನಿಂದಾಗದು, ಆ ಪ್ರಶ್ನೆಗೆ ಉತ್ತರ ಹುಡುಕುವ ಸ್ವಾತಂತ್ರ್ಯ ಅವನಿಗೂ ಇರಬೇಕು ಎಂದು ನ್ಯಾಯಾಧೀಶೆ ತೀರ್ಪು ಕೊಡುತ್ತಾಳೆ. ಬಿಎಸ್ಸಿ ಓದುವಾಗ ಇದನ್ನು ನೋಡಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬಂದಿರಲಿಲ್ಲ.

ಅದೇ ವರ್ಷ ಮೈಕಲ್ ಪಿಲ್ಲರ್ ಬರಹಗಾರರ ತಂಡದ ಮುಖ್ಯಸ್ಥರಾದರು. ಅವರು ಎರಡು ಕೆಲಸ ಮಾಡಿದರು. ಪ್ರತಿ ಕಥೆಯೂ ತಂಡದ ಯಾರಾದರೊಬ್ಬರ ಕಥೆಯಾಗಿರಬೇಕು ಎಂದು ಪಟ್ಟುಹಿಡಿದರು. ಯಾರು ಬೇಕಾದರೂ ಸ್ಕ್ರಿಪ್ಟ್ ಕಳುಹಿಸಬಹುದು ಎಂದು ಬಾಗಿಲು ತೆರೆದರು. ದೊಡ್ಡ ಟಿವಿ ಧಾರಾವಾಹಿಗಳಲ್ಲಿ ಇದು ಅಪರೂಪ.

ಆ ಬಾಗಿಲಿನಿಂದ ಬಂದ ಒಬ್ಬ ಹುಡುಗ ರೊನಾಲ್ಡ್ ಡಿ. ಮೂರ್. ಚಿಕ್ಕಂದಿನಿಂದಲೂ ಸ್ಟಾರ್ ಟ್ರೆಕ್ ಅಭಿಮಾನಿ. ಸೆಟ್ ನೋಡಲು ಹೋಗುವ ಅವಕಾಶ ಸಿಕ್ಕಾಗ ಸ್ಕ್ರಿಪ್ಟನ್ನೂ ಜೊತೆಗೆ ಒಯ್ದಿದ್ದ. ಪಿಲ್ಲರ್ ಅದನ್ನು ಕೊಂಡರು. 1989ರ ಅಕ್ಟೋಬರ್‌ನಲ್ಲಿ ಅದು ‘ದಿ ಬಾಂಡಿಂಗ್’ ಆಗಿ ಬಂತು. ನೌಕೆಯಲ್ಲಿ ತಾಯಿಯ ಜೊತೆ ಇದ್ದ, ಮೊದಲೇ ತಂದೆಯನ್ನು ಕಳೆದುಕೊಂಡ ಬಾಲಕ. ಒಂದು ಕಾರ್ಯಾಚರಣೆಯಲ್ಲಿ ತಾಯಿಯೂ ಸಾಯುತ್ತಾಳೆ. ಇನ್ನು ಅವನಿಗೆ ಯಾರು?

ಭವಿಷ್ಯದ ಮಕ್ಕಳು ಸಾವನ್ನು ಸಹಜವಾಗಿ ಒಪ್ಪಿಕೊಳ್ಳುತ್ತಾರೆ, ಹೀಗೆ ದುಃಖಿಸುವುದಿಲ್ಲ ಎಂದು ರಾಡನ್‌ಬೆರಿ ಆಕ್ಷೇಪಿಸಿದರು. ಪಿಲ್ಲರ್ ಆ ಆಕ್ಷೇಪವನ್ನೇ ಕಥೆಗೆ ಬಳಸಿಕೊಂಡರು. ಹುಡುಗ ಮೊದಲು ಅಳುವುದೇ ಇಲ್ಲ. ‘ನಾನು ಚೆನ್ನಾಗಿದ್ದೇನೆ’ ಅನ್ನುತ್ತಾನೆ. ನೋಡುವವರಿಗೆ ಅದೇ ಕಷ್ಟವಾಗುತ್ತದೆ. ಒಂದು ಅನ್ಯಗ್ರಹದ ಶಕ್ತಿ ಅವನ ತಾಯಿಯ ರೂಪದಲ್ಲೇ ಬಂದು ‘ನಾನು ನೋಡಿಕೊಳ್ಳುತ್ತೇನೆ’ ಅನ್ನುತ್ತದೆ. ಪಿಕಾರ್ಡ್ ಬೇಡ ಅನ್ನುತ್ತಾನೆ. ಸುಳ್ಳು ಸುಖಕ್ಕಿಂತ ನಿಜವಾದ ದುಃಖ ಆ ಮಗುವಿಗೆ ಬೇಕು. ಕೊನೆಗೆ ವೋರ್ಫ್ ಎಂಬ ಒರಟು ಯೋಧ, ತಾನೂ ಅನಾಥನಾಗಿ ಬೆಳೆದವನು, ಆ ಹುಡುಗನ ಜೊತೆ ಮೇಣದಬತ್ತಿ ಹಚ್ಚಿ ಅವನನ್ನು ಸಹೋದರನನ್ನಾಗಿ ಸ್ವೀಕರಿಸುತ್ತಾನೆ.

ಅಳುವ ಹಕ್ಕನ್ನು ಈ ಧಾರಾವಾಹಿಗೆ ಹೀಗೆ ಗಟ್ಟಿಯಾಗಿ ತಂದವನು ಅದನ್ನು ನೋಡಿ ಬೆಳೆದ ಅಭಿಮಾನಿ. ಸೃಷ್ಟಿಕರ್ತ ನಾಳೆಯ ಮನುಷ್ಯ ಹೇಗಿರಬೇಕು ಎಂದು ಯೋಚಿಸುತ್ತಿದ್ದ. ಅಭಿಮಾನಿ ಆ ಮನುಷ್ಯರನ್ನು ಆಗಲೇ ಪ್ರೀತಿಸಿಬಿಟ್ಟಿದ್ದ.

ಯುದ್ಧದ ಮರುವಾರ

1990ರಲ್ಲಿ ಎರಡು ಭಾಗಗಳ ‘ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ ಬಂತು. ಫೈಟ್ ಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡದಿಲ್ಲ. ಬೋರ್ಗ್ ಎಂಬ ಶತ್ರುಗಳು ಪಿಕಾರ್ಡ್‌ನನ್ನು ಹಿಡಿದು, ಅವನ ಬುದ್ಧಿಯನ್ನೇ ಬಳಸಿ ಅವನ ಜನರ 39 ನೌಕೆಗಳನ್ನು ನಾಶಮಾಡುತ್ತಾರೆ. ಕೊನೆಗೆ ಅವನು ಪಾರಾಗುತ್ತಾನೆ.

ಆ ಕಾಲದ ಪದ್ಧತಿಯಂತೆ ಮುಂದಿನ ವಾರ ಎಲ್ಲವೂ ಮೊದಲಿನಂತೆ ಇರಬೇಕಿತ್ತು. ಈ ಧಾರಾವಾಹಿಯನ್ನು ಊರೂರಿನ ಟಿವಿ ಕೇಂದ್ರಗಳಿಗೆ ನೇರವಾಗಿ ಮಾರುತ್ತಿದ್ದರು. ಮರುಪ್ರಸಾರದಲ್ಲಿ ಯಾವ ಕ್ರಮದಲ್ಲಿ ಹಾಕಿದರೂ ನಡೆಯಬೇಕಾದ್ದರಿಂದ ಪ್ರತಿ ಕಥೆಯೂ ತನ್ನಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಇಂಥದ್ದನ್ನು ಅನುಭವಿಸಿದವನು ಮರುವಾರವೇ ನಗುತ್ತಾ ಕುರ್ಚಿಯಲ್ಲಿ ಕೂರುವುದು ಹೇಗೆ ಎಂದು ಪಿಲ್ಲರ್ ಹಟ ಹಿಡಿದರು. ಹಾಗೆ ಬಂದದ್ದು ಮೂರ್ ಬರೆದ ‘ಫ್ಯಾಮಿಲಿ’. ನೌಕೆಯ ನಿಯಂತ್ರಣ ಕೊಠಡಿಯ ಒಂದು ದೃಶ್ಯವೂ ಇಲ್ಲದ ಎಪಿಸೋಡ್. ಪಿಕಾರ್ಡ್ ಫ್ರಾನ್ಸಿನ ತನ್ನ ಹಳ್ಳಿಗೆ ಹೋಗುತ್ತಾನೆ. ಅಲ್ಲಿ ದ್ರಾಕ್ಷಿ ತೋಟ ನೋಡಿಕೊಳ್ಳುವ ಅಣ್ಣನಿಗೂ ಇವನಿಗೂ ಹಳೆಯ ಮನಸ್ತಾಪ. ಇಬ್ಬರೂ ಕೆಸರಿನಲ್ಲಿ ಬಿದ್ದು ಹೊಡೆದಾಡುತ್ತಾರೆ, ನಗುತ್ತಾರೆ. ಆಮೇಲೆ ಕ್ಯಾಪ್ಟನ್ ಅಣ್ಣನ ಎದುರು ಮಗುವಿನಂತೆ ಅಳುತ್ತಾನೆ.

ನ್ಯಾಯವಾಗಿ ಹೇಳಬೇಕೆಂದರೆ, ಆ ಯುದ್ಧ ನೋಡದವರಿಗೆ ಈ ಕೆಸರಿನ ತೂಕ ಗೊತ್ತಾಗುವುದಿಲ್ಲ. ಆದರೆ ಕೆಸರು ಇಲ್ಲದಿದ್ದರೆ ಯುದ್ಧ ಬರೀ ಪಟಾಕಿ.

ಊದಲಾಗದ ಕೊಳಲು

ಇನ್ನು ನಾವು ನೋಡಿದ ಎಪಿಸೋಡ್. ಅದರ ಹೆಸರು ‘ದಿ ಇನ್ನರ್ ಲೈಟ್’. 1992ರ ಜೂನ್ 1ರಂದು ಪ್ರಸಾರ. ಇದರ ಕಥೆ ತಂದ ಮಾರ್ಗನ್ ಜೆಂಡೆಲ್ ಕೂಡ ಹೊರಗಿನಿಂದ ಬಂದವರೇ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ಹಾಡೊಂದರಿಂದ ಹೆಸರು ತೆಗೆದುಕೊಂಡರು. ಆ ಹಾಡಿನ ವಾದ್ಯಸಂಗೀತ 1968ರ ಜನವರಿಯಲ್ಲಿ ನಮ್ಮ ಬೊಂಬಾಯಿಯಲ್ಲೇ, ಭಾರತೀಯ ವಾದಕರೊಂದಿಗೆ ಮುದ್ರಣವಾಗಿತ್ತು.

ಬಾಹ್ಯಾಕಾಶದಲ್ಲಿ ತೇಲುವ ಒಂದು ಯಂತ್ರ ಪಿಕಾರ್ಡ್‌ನ ಮನಸ್ಸನ್ನು ಹಿಡಿಯುತ್ತದೆ. ಎಚ್ಚರವಾದಾಗ ಅವನು ಒಂದು ಹಳ್ಳಿಯಲ್ಲಿ ಕಾಮಿನ್ ಎಂಬ ಹೆಸರಿನ ಕಮ್ಮಾರ. ಹೆಂಡತಿ ಇದ್ದಾಳೆ. ಮೊದಲು ನಂಬುವುದಿಲ್ಲ, ಆಮೇಲೆ ಒಪ್ಪಿಕೊಳ್ಳುತ್ತಾನೆ. ಮಕ್ಕಳಾಗುತ್ತಾರೆ, ಮಗ ಕೊಳಲು ಕಲಿಯುತ್ತಾನೆ, ಹೆಂಡತಿ ತೀರಿಹೋಗುತ್ತಾಳೆ, ಮೊಮ್ಮಗ ಬರುತ್ತಾನೆ. ಊರಿಗೆ ಬರ ಬಿದ್ದಿದೆ. ಅವರ ಸೂರ್ಯನೇ ಸಾಯುತ್ತಿದ್ದಾನೆ. ಮುದುಕನಾದ ಮೇಲೆ ತಿಳಿಯುತ್ತದೆ: ಆ ಜನ ಅಳಿದು ಸಾವಿರ ವರ್ಷವಾಗಿದೆ. ತಮ್ಮನ್ನು ಯಾರಾದರೊಬ್ಬರು ನೆನಪಿಟ್ಟುಕೊಳ್ಳಲಿ ಎಂದು ಆ ಯಂತ್ರವನ್ನು ಕಳುಹಿಸಿದ್ದರು. ನೌಕೆಯಲ್ಲಿ ಕಳೆದದ್ದು ಅರ್ಧ ಗಂಟೆಯೂ ಅಲ್ಲ. ಯಂತ್ರದೊಳಗೆ ಸಿಕ್ಕಿದ ಕೊಳಲನ್ನು ಕೈಗೆ ಕೊಟ್ಟಾಗ ಕ್ಯಾಪ್ಟನ್ ಅದನ್ನು ಊದುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

1993ರಲ್ಲಿ ಇದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ವಿಶ್ವ ವಿಜ್ಞಾನಕಥಾ ಸಮ್ಮೇಳನದ ಸದಸ್ಯರು, ಅಂದರೆ ಓದುಗರು ಮತ್ತು ಅಭಿಮಾನಿಗಳು, ಮತ ಹಾಕಿ ಕೊಡುವ ಪ್ರಶಸ್ತಿ ಅದು. ಅದಕ್ಕೆ ಮುಂಚೆ ಧಾರಾವಾಹಿಯ ಎಪಿಸೋಡ್ ಒಂದಕ್ಕೆ ಅದು ಸಿಕ್ಕಿದ್ದು 25 ವರ್ಷದ ಹಿಂದೆ, 1968ರಲ್ಲಿ. ಅದೂ ಹಳೆಯ ಸ್ಟಾರ್ ಟ್ರೆಕ್‌ನದೇ, ಬಡವರಿಗೆ ಊಟ ಹಾಕುವ ಒಬ್ಬ ಹೆಣ್ಣುಮಗಳ ಕಥೆ. 2006ರಲ್ಲಿ ಆ ಕೊಳಲನ್ನು ನ್ಯೂಯಾರ್ಕಿನಲ್ಲಿ ಹರಾಜು ಹಾಕಿದಾಗ 40,000 ಡಾಲರಿಗೂ ಹೆಚ್ಚು ಬೆಲೆ ಬಂತು. ಅದು ಶೂಟಿಂಗ್‌ಗೆ ಮಾಡಿದ ವಸ್ತು, ಊದಿದರೆ ಸ್ವರ ಬರುವುದಿಲ್ಲ. ಕೊಂಡವರಿಗೂ ಅದು ಗೊತ್ತಿತ್ತು.

ಲೈಟ್ ಹಾಕಿದ ಮೇಲೂ ನಮ್ಮ ಹುಡುಗ ಕೂತೇ ಇದ್ದ. “ಅಣ್ಣಾ, ಆ ಊರಿನವರೆಲ್ಲ ಸತ್ತೇಹೋದ್ರಾ?” ಅಂದ. “ಹೂಂ, ಯಾವತ್ತೋ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಜ್ಜಿಗೂ ಸುಮಾರು ಹಾಡು ಬರುತ್ತೆ. ನಂಗೆ ಒಂದೂ ಬರಲ್ಲ” ಅಂದ.

ನಾನು ಏನೂ ಹೇಳಲಿಲ್ಲ. ಗಡಿಯ ಈಚೆ ಇರುವ ನಮ್ಮ ಮನೆಗಳ ಕಥೆಯೂ ಅದೇ ಅಲ್ಲವೇ? ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇನ್ನೊಂದು ಭಾಷೆ, ಫೋನಿನಲ್ಲಿ ಮತ್ತೊಂದು. ಅಜ್ಜಿಯ ಹಾಡು ಯಾವ ಪುಸ್ತಕದಲ್ಲೂ ಇಲ್ಲ.

ಮುಂದಿನ ತಿಂಗಳು ‘ದಿ ವಿಸಿಟರ್’ ಹಾಕೋಣ. 1995ರಲ್ಲಿ ‘ಡೀಪ್ ಸ್ಪೇಸ್ ನೈನ್’ ಎಂಬ ಸ್ಟಾರ್ ಟ್ರೆಕ್ ಧಾರಾವಾಹಿಯಲ್ಲಿ ಬಂದದ್ದು. ಅಪ್ಪನನ್ನು ಕಳೆದುಕೊಂಡ ಮಗ ಇಡೀ ಬದುಕನ್ನು ಅಪ್ಪನನ್ನು ಮರಳಿ ತರಲು ಸವೆಸುವ ಕಥೆ. ಅಪ್ಪ ಅಮ್ಮಂದಿರನ್ನೂ ಕರೆದುಕೊಂಡು ಬನ್ನಿ. ಫೈಟ್ ಇಲ್ಲ, ಮೊದಲೇ ಹೇಳಿದ್ದೇನೆ. ಬರುವಾಗ ಮನೆಯ ಹಿರಿಯರಿಂದ ಒಂದು ಹಾಡೋ ಕಥೆಯೋ ಕೇಳಿಕೊಂಡು ಬನ್ನಿ. ಎಪಿಸೋಡ್ ಮುಗಿದ ಮೇಲೆ ಅದನ್ನು ಕೇಳೋಣ. ಆ ಹುಡುಗ ಬರುತ್ತೇನೆ ಅಂದಿದ್ದಾನೆ.