ಕಿರು ತೈಲಚಿತ್ರದಲ್ಲಿ ವರ್ಣ ಮತ್ತು ಭಾವದ ಯೋಜನೆ

ಸ್ವರೂಪ

ನಿಸರ್ಗದೃಶ್ಯದ ಎದುರಿನಲ್ಲೇ ಕುಳಿತು, ಪುಸ್ತಕದಷ್ಟು ಅಗಲದ ಹಲಗೆಯ ಮೇಲೆ ಒಂದೇ ಬಾರಿಗೆ ಬರೆದು ಮುಗಿಸುವ ತೈಲಚಿತ್ರಕ್ಕೆ ಫ್ರೆಂಚ್ ಭಾಷೆಯಲ್ಲಿ ‘ಪೊಶಾದ್’ ಎಂದು ಹೆಸರು. ಎಲೆ, ಕಲ್ಲುಗಳ ವಿವರವಲ್ಲ, ಆ ಹೊತ್ತಿನ ಬೆಳಕು ಮತ್ತು ಹವೆಯ ಒಟ್ಟು ಭಾವವೇ ಇದರ ವಸ್ತು.

ಕಾಲದ ಮಿತಿ

ಸೂರ್ಯನು ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತಾನೆ. ಅದರೊಡನೆ ನೆರಳಿನ ದಿಕ್ಕು, ಉದ್ದ, ಬಣ್ಣ ಎಲ್ಲವೂ ಬದಲಾಗುತ್ತವೆ. ಫ್ರೆಂಚ್ ಚಿತ್ರಕಾರ ಪಿಯರ್-ಆನ್ರಿ ದ ವಾಲೆನ್ಸಿಯೆನ್ (1750–1819) ಇಂತಹ ಅಭ್ಯಾಸಚಿತ್ರಕ್ಕೆ ಹೆಚ್ಚೆಂದರೆ ಎರಡು ಗಂಟೆ, ಸೂರ್ಯೋದಯ ಹಾಗೂ ಸೂರ್ಯಾಸ್ತಗಳಿಗೆ ಅರ್ಧ ಗಂಟೆ ಎಂದು ಮಿತಿ ವಿಧಿಸಿದನು. ಆದ್ದರಿಂದ ಮುಖ್ಯ ನಿರ್ಧಾರಗಳು ಕುಂಚ ಹಿಡಿಯುವ ಮೊದಲೇ ಆಗಿರಬೇಕು.

ಯೋಜನೆಯ ಕ್ರಮ

ಬೆಳಕಿನ ಮಟ್ಟ: ಕಣ್ಣು ಕಿರಿದಾಗಿಸಿ ನೋಡಿದರೆ ವಿವರಗಳು ಮಾಯವಾಗಿ ದೃಶ್ಯವು ಮೂರು-ನಾಲ್ಕು ರಾಶಿಗಳಾಗಿ ಒಡೆಯುತ್ತದೆ. ಸಾಮಾನ್ಯವಾಗಿ ಆಕಾಶ ಅತಿ ತಿಳಿ, ನೆಟ್ಟಗೆ ನಿಂತ ಮರಗಳು ಅತಿ ಗಾಢ. ಈ ಅಂತರವನ್ನು ಕಿರಿದಾಗಿಸಿದರೆ ಮಂಜಿನ ಮುಂಜಾವಿನ ಶಾಂತಿ ಮೂಡುತ್ತದೆ. ಹಿರಿದಾಗಿಸಿದರೆ ಬಿರುಮಳೆಯ ಮುನ್ನಿನ ಆತಂಕ ಮೂಡುತ್ತದೆ.

ಪ್ರಧಾನ ವರ್ಣ: ಸಂಜೆಬಿಸಿಲು ಹಳದಿ-ಕೆಂಪಿನ ಕಡೆಗೆ ವಾಲಿದಾಗ ನೆರಳು ನೀಲಿಯಾಗಿ ತೋರುತ್ತದೆ. ಉಷ್ಣ, ಶೀತ ವರ್ಣಗಳಲ್ಲಿ ಒಂದಕ್ಕೆ ಹೆಚ್ಚು ಪಾಲು ಕೊಡಬೇಕು. ಸಮಪಾಲು ಕೊಟ್ಟರೆ ಭಾವ ಚದುರುತ್ತದೆ.

ಮಿತ ವರ್ಣಗಳು: ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ ಹೆಸರಿನ ವರ್ಣಫಲಕದಲ್ಲಿ ಬಿಳಿ, ಹಳದಿ ಕಾವಿ, ಇಂಗಳೀಕದ ಕೆಂಪು, ಕಪ್ಪು ಎಂಬ ನಾಲ್ಕೇ ಬಣ್ಣಗಳಿವೆ. ಕಪ್ಪು-ಬಿಳಿಗಳ ಬೂದು, ಕೆಂಪಿನ ಪಕ್ಕದಲ್ಲಿ ನೀಲಿಯಂತೆ ಕಾಣುತ್ತದೆ. ಎಲ್ಲ ಮಿಶ್ರಣಗಳೂ ಒಂದೇ ಮೂಲದವಾದ್ದರಿಂದ ಚಿತ್ರದಲ್ಲಿ ಹೊಂದಿಕೆ ತಾನಾಗಿ ಬರುತ್ತದೆ.

ತಳವರ್ಣ: ಹಲಗೆಗೆ ಮೊದಲೇ ಕೆಂಗಂದು ಬಳಿದರೆ, ಹಸಿರು ಗೆರೆಗಳ ಸಂದಿನಲ್ಲಿ ಅದು ಇಣುಕಿ ಹಸಿರು ಎದ್ದು ಕಾಣುವಂತೆ ಮಾಡುತ್ತದೆ.

ಹಸಿ ತೈಲವರ್ಣವನ್ನು ಮತ್ತೆ ಮತ್ತೆ ತಿದ್ದಿದರೆ ಅದು ಕೊಳೆಯಾಗುತ್ತದೆ. ಹೀಗಾಗಿ ಮುಖ್ಯ ಮಿಶ್ರಣಗಳನ್ನು ವರ್ಣಫಲಕದ ಮೇಲೆಯೇ ಸಿದ್ಧಗೊಳಿಸಿ, ಗಾಢ ಬಣ್ಣವನ್ನು ತೆಳುವಾಗಿ ಮೊದಲು, ತಿಳಿ ಬಣ್ಣವನ್ನು ದಪ್ಪವಾಗಿ ಕೊನೆಗೆ ಹಚ್ಚುತ್ತಾರೆ.

ಬಳಕೆ

ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821–22ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೆದ ಮೋಡದ ಅಭ್ಯಾಸಚಿತ್ರಗಳಲ್ಲಿ ಹಲವುಗಳ ಬೆನ್ನಿಗೆ ದಿನ, ಹೊತ್ತು, ಗಾಳಿಯ ವಿವರಗಳನ್ನು ಗುರುತಿಸಿದನು. ಕೆನಡಾದ ಟಾಮ್ ಥಾಮ್ಸನ್ (1877–1917) ಆಲ್ಗಾಂಕ್ವಿನ್ ಅರಣ್ಯದಲ್ಲಿ ಸುಮಾರು 21×27 ಸೆಂ.ಮೀ. ಹಲಗೆಗಳ ಮೇಲೆ ಚಿತ್ರಿಸಿ, ಚಳಿಗಾಲದಲ್ಲಿ ಟೊರಾಂಟೊದಲ್ಲಿ ಅವುಗಳಿಂದ ದೊಡ್ಡ ಚಿತ್ರಗಳನ್ನು ರಚಿಸುತ್ತಿದ್ದನು. ‘ದಿ ಜ್ಯಾಕ್ ಪೈನ್’ (1916–17) ಹುಟ್ಟಿದ್ದು ಅಂತಹ ಒಂದು ಹಲಗೆಯಿಂದ.