ವಿರೂಪಾಪುರ ಗಡ್ಡೆ

ವಿರೂಪಾಪುರ ಗಡ್ಡೆಯು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಕವಲುಗಳ ನಡುವೆ ಇರುವ ನಡುಗಡ್ಡೆ. ಸುತ್ತಲಿನ ಜನರ ಬಾಯಲ್ಲಿ ಬರೀ ‘ಗಡ್ಡಿ’. ಹೊಳೆಯ ಆಚೆ ದಡದಲ್ಲೇ ಹಂಪಿಯ ವಿರೂಪಾಕ್ಷ ದೇವಾಲಯವಿದೆ. ಆ ದಡ ಈಗ ವಿಜಯನಗರ ಜಿಲ್ಲೆಗೆ ಸೇರಿದೆ.

ಇಲ್ಲಿನ ನೆಲದ ಬಹುಭಾಗ ರೈತರ ಪಟ್ಟಾ ಜಮೀನು. ಬಂಡೆಗುಡ್ಡಗಳ ನಡುವಿನ ತಗ್ಗಿನಲ್ಲಿ ಭತ್ತ, ಬಾಳೆ ಬೆಳೆಯುತ್ತಾರೆ. ಹಂಪಿಗೆ ಹೋಗಿಬರಲು ಮೊದಲು ಹರಿಗೋಲು, ನಂತರ ಯಂತ್ರದ ದೋಣಿ. ಹೊಳೆ ಏರಿದರೆ ಎರಡೂ ನಿಲ್ಲುತ್ತವೆ. ಎದುರಿಗೇ ಕಾಣುವ ಊರಿಗೆ ರಸ್ತೆಯಲ್ಲಿ ಬಹುದೂರ ಸುತ್ತಿ ಹೋಗಬೇಕು. ಕಾಲುಸೇತುವೆ ಕಟ್ಟುವ ಪ್ರಯತ್ನವೂ ನಡೆದಿತ್ತು. ಅದು ಮತ್ತು ಆನೆಗೊಂದಿಯ ಸೇತುವೆ ಸ್ಮಾರಕಗಳ ಪರಿಸರಕ್ಕೆ ಧಕ್ಕೆ ತರುತ್ತವೆ ಎಂಬ ಆಕ್ಷೇಪದಿಂದ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು.

ದಾರಿ ಕಷ್ಟದ್ದಾಗಿದ್ದುದೇ ಗಡ್ಡೆಗೆ ಹೆಸರು ತಂದಿತು. ಹಂಪಿಯ ದೇವಸ್ಥಾನದ ಕಟ್ಟುಪಾಡು, ಗದ್ದಲಗಳಿಂದ ದೂರ ಉಳಿಯಬಯಸಿದ ವಿದೇಶಿ ಪ್ರವಾಸಿಗರು ಇಲ್ಲಿ ವಾರಗಟ್ಟಲೆ ತಂಗತೊಡಗಿದರು. ಭತ್ತದ ಗದ್ದೆಗಳ ಪಕ್ಕದಲ್ಲಿ ಗುಡಿಸಲು, ರೆಸಾರ್ಟ್, ಹೋಟೆಲುಗಳು ಎದ್ದವು. ಬಂಡೆ ಹತ್ತುವವರೂ ಬಂದರು. ‘ಹಿಪ್ಪಿ ಐಲ್ಯಾಂಡ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಕೆಲವು ರೈತರು ಜಮೀನನ್ನು ಬಾಡಿಗೆಗೆ ಕೊಟ್ಟರು, ಕೆಲವರು ತಾವೇ ವಸತಿಗೃಹ ನಡೆಸಿದರು. ಬೇಸಾಯಕ್ಕಿಂತ ಇದರಲ್ಲೇ ಆದಾಯ ಹೆಚ್ಚಿದ್ದರಿಂದ ಅನುಮತಿಯ ಪ್ರಶ್ನೆ ಹಿಂದೆ ಬಿತ್ತು. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಮುಳುಗುವ ಭಯವಂತೂ ಇದ್ದೇ ಇತ್ತು: 2019ರ ಆಗಸ್ಟ್ ಪ್ರವಾಹದಲ್ಲಿ ಇಲ್ಲಿ ಸಿಲುಕಿದ್ದ ನೂರಾರು ಪ್ರವಾಸಿಗರನ್ನು ರಕ್ಷಿಸಬೇಕಾಯಿತು.

ಗಡ್ಡೆಯ ವ್ಯಾಜ್ಯ ಮಾಲೀಕತ್ವದ್ದಲ್ಲ, ಬಳಕೆಯದು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 1988ರಲ್ಲಿ ಸಂರಕ್ಷಿತ ಪ್ರದೇಶದ ಅಧಿಸೂಚನೆ ಹೊರಟಿತು. 2002ರ ಕಾಯ್ದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರೂಪುಗೊಂಡಿತು. ಅಧಿಸೂಚನೆ ತಮ್ಮ ಜಮೀನಿಗೆ ಅನ್ವಯಿಸುವುದಿಲ್ಲ ಎಂದು ಕಟ್ಟಡಗಳ ಒಡೆಯರು ವಾದಿಸಿದರು. 2015ರಲ್ಲಿ ಹೈಕೋರ್ಟ್, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸ್ವಂತ ಹೊಲದಲ್ಲಿ ಉತ್ತುಬೆಳೆಯಲು ಅಡ್ಡಿಯಿಲ್ಲದಿದ್ದರೂ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ ಎಂಬುದು ಇದರಿಂದ ಖಚಿತವಾಯಿತು. ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯಾದರೂ, ವರ್ಷಗಟ್ಟಲೆ ಕಣ್ಣೆದುರೇ ಕಟ್ಟಡಗಳು ಏಳಲು ಬಿಟ್ಟ ಆಡಳಿತದ ಹೊಣೆ ಅದರಿಂದ ಕಡಿಮೆಯಾಗದು.

ಮುಂದಿನ ತಿಂಗಳು, ಮಾರ್ಚ್‌ನಲ್ಲಿ, ಜಿಲ್ಲಾಡಳಿತ ಕಟ್ಟಡಗಳನ್ನು ಕೆಡವಿತು. ಪ್ರವಾಸಿಗರ ವಸತಿ ವ್ಯವಹಾರ ಸಾಣಾಪುರ, ಆನೆಗೊಂದಿಗಳ ಕಡೆಗೆ ಸರಿಯಿತು.