ಟಿಪ್ಪರ್ ಮಣ್ಣಲ್ಲಿ ಸಿಕ್ಕ ಆನೆ ಕಾಸು

[ಬೀಪ್ ಸದ್ದು]

ಈಗ ಕೇಳಿಸಿತಲ್ಲ, ಅದು ಮೆಟಲ್ ಡಿಟೆಕ್ಟರ್ ಸದ್ದು. ಕೆ.ಆರ್. ಪುರದಲ್ಲಿ ನಮ್ಮ ಮಾವನ ಖಾಲಿ ಸೈಟಲ್ಲಿ ರೆಕಾರ್ಡ್ ಮಾಡಿದ್ದು. ಇಂಗ್ಲೆಂಡಿನವರು ಹೊಲದಲ್ಲಿ ನಾಣ್ಯ ಹುಡುಕೋ ವಿಡಿಯೋಗಳನ್ನ ರಾತ್ರಿಯೆಲ್ಲ ನೋಡಿ ನೋಡಿ, ಆನ್‌ಲೈನಲ್ಲಿ ಸಿಗೋದ್ರಲ್ಲೇ ಅಗ್ಗದ್ದೊಂದು ತರಿಸಿದ್ದೆ. ಬಿ.ಕಾಂ ಓದಿದವನಿಗೆ ಯಾಕಪ್ಪ ಇದು ಅಂತ ಅಮ್ಮ ಕೇಳಿದ್ರು. ಉತ್ತರ ಇರಲಿಲ್ಲ.

ಆದ್ರೆ ಜಾಗ ಸುಮ್ನೆ ಆರಿಸಿದ್ದಲ್ಲ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಕೋಲಾರ, ಹೊಸಕೋಟೆ ದಾಟಿ ಈ ಪೂರ್ವದ ಕಡೆಯಿಂದಲೇ ಬೆಂಗಳೂರಿಗೆ ಬಂದಿದ್ದು. ಅದೇ ತಿಂಗಳು 21ಕ್ಕೆ ಕೋಟೆ ಬಿತ್ತು. ಆ ಸೈನ್ಯದ ಒಂದು ಬಂದೂಕಿನ ಗುಂಡಾದ್ರೂ ಸಿಕ್ಕೀತು ಅನ್ನೋ ಆಸೆ. ಎರಡು ಭಾನುವಾರ ಸಿಕ್ಕಿದ್ದು ಸೋಡಾ ಮುಚ್ಚಳ, ಮೊಳೆ, ಕಬ್ಬಿಣದ ಕಂಬಿ ಚೂರು. ಮೂರನೇ ವಾರ ಗೇಣಿನಷ್ಟು ಆಳದಲ್ಲಿ ಹಸಿರು ಕಟ್ಟಿದ ಒಂದು ತಾಮ್ರದ ಬಿಲ್ಲೆ.

ಅಲ್ಲೇ ನಾನು ತಪ್ಪು ಮಾಡಿದೆ. ಮನೆಗೆ ತಂದವನೇ ದೇವರ ದೀಪ ತೊಳೆಯೋ ಹಾಗೆ ಹುಣಸೆಹಣ್ಣು ಹಚ್ಚಿ, ಸ್ಟೀಲ್ ಸ್ಕ್ರಬ್ಬರಲ್ಲಿ ಗಸಗಸ ಅಂತ ತಿಕ್ಕಿದೆ. ಒಂದು ಕಡೆ ಆನೆ ಕಾಣಿಸ್ತು. ಕುಣಿದಾಡಿಬಿಟ್ಟೆ! ಇನ್ನೊಂದು ಕಡೆ ಏನೋ ಗೀಟುಗಳಿದ್ದವು. ಅವು ಹೋದವು.

ಶಿವಾಜಿನಗರದಲ್ಲಿ ಹಳೇ ನಾಣ್ಯ ಇಟ್ಕೊಂಡು ಕೂರೋ ಒಬ್ಬ ಹಿರಿಯರಿಗೆ ತೋರಿಸಿದೆ. ನಾಣ್ಯಕ್ಕಿಂತ ಮುಂಚೆ ನನ್ನ ಮುಖ ನೋಡಿದ್ರು. "ಹುಣಸೆಹಣ್ಣಾ?" ಅಂದ್ರು. ಹೌದು ಸರ್ ಅಂದೆ. ಟಿಪ್ಪು ತಾಮ್ರದ ಕಾಸಿನಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು ಫಾರ್ಸಿಯಲ್ಲಿ ಇರುತ್ತೆ. ಟಿಪ್ಪು ಹೋದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆ ಇರೋ ಕಾಸುಗಳು ಬಂದ್ವು. ಯಾರದ್ದು ಅಂತ ಹೇಳಬೇಕಿದ್ದದ್ದು ಆ ಅಕ್ಷರಗಳು. ನಾನು ಉಜ್ಜಿ ತೆಗೆದಿದ್ದೂ ಅವನ್ನೇ. "ಎಲ್ಲಿ ಸಿಕ್ತು ಬೇಟಾ?" ಅಂತ ಕೇಳಿದ್ರು. ಕೆ.ಆರ್. ಪುರ ಅಂದೆ. ಆ ಉತ್ತರ ಎಷ್ಟು ಸುಳ್ಳು ಅಂತ ಆಮೇಲೆ ಹೇಳ್ತೀನಿ.

ಅದಕ್ಕೆ ಮುಂಚೆ, ನಿಜವಾದ ನಿಧಿಯ ಕಥೆ. 1891ರಲ್ಲಿ ಯಶವಂತಪುರದ ಹತ್ತಿರ ರೈಲು ಕಾಮಗಾರಿಗೆ ನೆಲ ಅಗೆಯುವಾಗ ರೋಮ್ ಸಾಮ್ರಾಜ್ಯದ 163 ಬೆಳ್ಳಿ ನಾಣ್ಯ ಸಿಕ್ಕವು. ಹೌದು, ನಮ್ಮ ಯಶವಂತಪುರನೇ. ದೀನಾರಿ ಅಂತಾರಲ್ಲ, ಅವು. ಆಮೇಲೆ 1960ರ ದಶಕದಲ್ಲಿ ಎಚ್‌ಎಎಲ್ ಕಡೆಯಲ್ಲೂ ಇಂಥದೇ ಬೆಳ್ಳಿ ನಾಣ್ಯಗಳ ರಾಶಿ ಸಿಕ್ತು. ಇಂದಿರಾನಗರದಲ್ಲಿ ಕಾಫಿಗೆ ಕೊಡೋ ದುಡ್ಡಿನ ಬಗ್ಗೆ ಗೊಣಗ್ತೀವಲ್ಲ, ಅದರ ಪಕ್ಕದ ನೆಲದಲ್ಲೇ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ಮಲಗಿತ್ತು.

ಯಶವಂತಪುರದ ರಾಶಿಯಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ನಾಣ್ಯವೂ ಇದೆ. ಅವನು ಆಳಿದ್ದು ಕ್ರಿಸ್ತಶಕ 41ರಿಂದ 54. ಈಗ ನನ್ನ ಬಿ.ಕಾಂ ಉಪಯೋಗಕ್ಕೆ ಬರುತ್ತೆ ನೋಡಿ. ಅಜ್ಜಿ ಹುಂಡಿ ಒಡೆದಾಗ ಆ ಗುಲಾಬಿ 2000 ರೂಪಾಯಿ ನೋಟು ಸಿಕ್ಕಿದ್ರೆ ಏನರ್ಥ? ಹುಂಡಿಗೆ ಕೊನೇ ಸಲ ದುಡ್ಡು ಬಿದ್ದಿದ್ದು 2016ರ ನವೆಂಬರ್‌ಗಿಂತ ಮುಂಚೆ ಅಲ್ಲ. ಹಾಗೇ ಇದೂ: ಯಶವಂತಪುರದ ಬೆಳ್ಳಿಯನ್ನ ಯಾರೋ ಹೂತಿಟ್ಟಿದ್ದು ಕ್ರಿಸ್ತಶಕ 41ಕ್ಕಿಂತ ಮುಂಚೆ ಅಲ್ಲ. ಒಂದೊಂದೇ ನಾಣ್ಯ ಕೈಗೆ ಬಂದಿದ್ರೆ ಈ ಮಾತು ಹೇಳೋಕೆ ಆಗ್ತಿರಲಿಲ್ಲ. ಒಟ್ಟಿಗೆ, ಒಂದೇ ಜಾಗದಲ್ಲಿ ಸಿಕ್ಕಿದ್ದಕ್ಕೆ ಆಯ್ತು.

ಈ ಬೆಳ್ಳಿ ಇಲ್ಲಿಗೆ ಯಾಕೆ ಬಂತು? ಮೆಣಸಿಗೆ, ಹತ್ತಿ ಬಟ್ಟೆಗೆ, ಹರಳುಗಳಿಗೆ. ಮಲಬಾರ್ ಕರಾವಳಿಗೆ ಹಡಗು ಬರ್ತಿತ್ತು. ಪಾಲಕ್ಕಾಡ್ ಕಣಿವೆ ದಾಟಿದ್ರೆ ಕೊಯಮತ್ತೂರು, ಆ ಸುತ್ತಮುತ್ತ ರೋಮನ್ ನಾಣ್ಯದ ರಾಶಿಗಳು ಬೇಕಾದಷ್ಟು ಸಿಕ್ಕಿವೆ. ನಮ್ಮಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದು ಹೋಗ್ತಿದೆ ಅಂತ ಪ್ಲಿನಿ ಆ ಕಾಲದಲ್ಲೇ ಗೋಳಾಡಿದ್ದ. ಟ್ರೇಡ್ ಡೆಫಿಸಿಟ್ ಅನ್ನೋ ಪದ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಹಾಗಾದ್ರೆ ನಾವೂ ಡಿಟೆಕ್ಟರ್ ಹಿಡ್ಕೊಂಡು ಹಲಸೂರು ಕೆರೆ ಕಡೆ ಹೋಗೋಣ್ವಾ ಅಂತ ಕೇಳ್ತೀರಾ? ಬೇಡ. ಅಲ್ಲಿ ಮದ್ರಾಸ್ ಸ್ಯಾಪರ್ಸ್ ಇದ್ದಾರೆ. ನೆಲದೊಳಗಿನ ಲೋಹ ಹುಡುಕೋದು ಅವರಿಗೆ ಹವ್ಯಾಸ ಅಲ್ಲ, ನೆಲಬಾಂಬ್ ತೆಗೆಯೋ ಕೆಲಸ. ಸಂರಕ್ಷಿತ ಸ್ಮಾರಕದ ಹತ್ತಿರ ಅಗೆಯೋದಂತೂ ಅಪರಾಧ. ನಿಮ್ಮ ಸ್ವಂತ ಸೈಟಲ್ಲೇ ನಿಧಿ ಸಿಕ್ಕರೂ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಬ್ರಿಟಿಷರ 1878ರ ಕಾಯ್ದೆಯಲ್ಲಿ 10 ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಹೇಳಲೇಬೇಕು ಅಂತಿತ್ತು. ನಮ್ಮ ರಾಜ್ಯಕ್ಕೆ 1962ರ ಬೇರೆ ಕಾಯ್ದೆಯೇ ಇದೆ. 1972ರ ಕೇಂದ್ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾವಸ್ತು, ಅದನ್ನ ವಿದೇಶಕ್ಕೆ ಸಾಗಿಸೋ ಹಾಗಿಲ್ಲ.

ಹೇಳದೇ ಇದ್ರೆ ಏನಾಗುತ್ತೆ? ಇಂಗ್ಲೆಂಡಿನ ಹೆರ್‌ಫರ್ಡ್‌ಶೈರ್‌ನಲ್ಲಿ 2015ರಲ್ಲಿ ಇಬ್ಬರು ಡಿಟೆಕ್ಟರ್‌ನವರಿಗೆ ವೈಕಿಂಗ್ ಕಾಲದ ನಿಧಿ ಸಿಕ್ತು. ಸುಮಾರು 300 ನಾಣ್ಯ ಇದ್ದಿರಬೇಕು ಅಂತ ಅಂದಾಜು. ಯಾರಿಗೂ ಹೇಳದೆ ಮಾರಿದ್ರು. 2019ರಲ್ಲಿ ಜೈಲಾಯ್ತು, ಆದ್ರೆ ಅಷ್ಟೊತ್ತಿಗೆ ವಾಪಸ್ ಸಿಕ್ಕಿದ್ದು 31 ನಾಣ್ಯ. ಅವುಗಳಲ್ಲೇ ಕೆಲವು, ಆಲ್‌ಫ್ರೆಡ್ ದೊರೆಯೂ ಪಕ್ಕದ ರಾಜ್ಯದ ಚೆಯೊಲ್‌ವುಲ್ಫನೂ ಮಿತ್ರರಾಗಿದ್ರು ಅಂತ ಸಾಕ್ಷಿ ಹೇಳ್ತವೆ. ಉಳಿದವು ಏನು ಹೇಳ್ತಿದ್ವೋ.

ಈಗ ನನ್ನ ಸುಳ್ಳಿನ ವಿಷಯ. ಮಾವನಿಗೆ ಫೋನ್ ಮಾಡಿ, ನಿಮ್ಮ ಸೈಟಲ್ಲಿ ರಾಜರ ಕಾಲದ ಕಾಸು ಸಿಕ್ಕಿದೆ ಅಂದೆ. ಅವರು ನಕ್ಕರು. "ಅದು ನಮ್ಮ ಮಣ್ಣಲ್ಲ ಕಣೋ. ಸೈಟು ತಗ್ಗಿತ್ತು ಅಂತ ಹತ್ತು ಟಿಪ್ಪರ್ ಮಣ್ಣು ಹೊಡೆಸಿದ್ದೆ." ಎಲ್ಲಿಂದ ಬಂತು ಮಾವ? "ಯಾವನಿಗೆ ಗೊತ್ತು! ಎಲ್ಲೋ ಬೇಸ್‌ಮೆಂಟ್ ತೋಡ್ತಿದ್ರಂತೆ."

ಫೋನ್ ಇಟ್ಟ ಮೇಲೆ ತುಂಬ ಹೊತ್ತು ಸುಮ್ನೆ ಕೂತಿದ್ದೆ. ಈ ಊರಲ್ಲಿ ದಿನಾ ರಾತ್ರಿ ಎಷ್ಟು ಟಿಪ್ಪರ್ ಓಡಾಡ್ತವೆ ಅಂತ ಓಲ್ಡ್ ಮದ್ರಾಸ್ ರೋಡಲ್ಲಿ ನಿಂತ್ರೆ ಗೊತ್ತಾಗುತ್ತೆ. ಕೋಟೆ ಹತ್ತಿರದ ಮಣ್ಣು ವೈಟ್‌ಫೀಲ್ಡಿಗೆ ಹೋಗಬಹುದು, ಕೆರೆಯ ಹೂಳು ಯಾರದೋ ಲೇಔಟಿಗೆ ಬೀಳಬಹುದು. ಜೆಸಿಬಿ ಬಕೆಟಲ್ಲಿ ಒಂದು ಮಡಕೆ ಒಡೆದ್ರೆ ಆಪರೇಟರ್‌ಗೆ ಕೇಳಿಸೋದೂ ಇಲ್ಲ. 1891ರಲ್ಲಿ ಗುದ್ದಲಿ ಹಿಡಿದ ಕೂಲಿಯವರಿಗೆ ಕೇಳಿಸಿತ್ತು.

ಕಾಸನ್ನ ಒಂದು ಲಕೋಟೆಗೆ ಹಾಕಿದ್ದೀನಿ. ಈ ವಾರ ಪತ್ರದ ಜೊತೆ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಬರ್ತೀನಿ. ತಾರೀಖು, ಆಳ, ತೂಕ ಎಲ್ಲ ಬರೆದಾಯ್ತು. ಹುಣಸೆಹಣ್ಣಿನ ವಿಷಯನೂ ಬರೆದೆ. ಸಿಕ್ಕ ಸ್ಥಳ ಅಂತ ಬರೆದು ಪಕ್ಕದಲ್ಲಿ ಮೊದಲು ಕೆ.ಆರ್. ಪುರ ಅಂತ ಹಾಕಿದ್ದೆ. ಹೊಡೆದು ಹಾಕಿ, ಹೊರಗಿಂದ ತಂದ ಟಿಪ್ಪರ್ ಮಣ್ಣು ಅಂತ ಬರೆದಿದ್ದೀನಿ.